ಫೋಟೊದಲ್ಲಿ ಚುಕ್ಕೆ, ಪಟ್ಟೆ, ಮಂಕು: ಡಿಜಿಟಲ್ ಕ್ಯಾಮೆರಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಫೋಟೊದಲ್ಲೂ ಆಕಾಶದ ಒಂದೇ ಜಾಗದಲ್ಲಿ ಬೂದು ಚುಕ್ಕೆ. ಲೆನ್ಸ್ ಎಷ್ಟು ಒರೆಸಿದರೂ ಹೋಗುತ್ತಿಲ್ಲ. ಏನಿದು?

ಲೆನ್ಸ್ ಒರೆಸುವುದನ್ನು ಮೊದಲು ನಿಲ್ಲಿಸಿ. ಮುಂಗಾಜಿನ ಮೇಲಿನ ಧೂಳು ಚುಕ್ಕೆಯಾಗಿ ಮೂಡುವುದು ಬಲು ಅಪರೂಪ. ಕ್ಯಾಮೆರಾ ಅದರ ಮೇಲೆ ಫೋಕಸ್ ಮಾಡಿರುವುದಿಲ್ಲ, ಹಾಗಾಗಿ ಅದು ಚಿತ್ರದ ತುಂಬ ಹರಡಿ ಕರಗಿಹೋಗುತ್ತದೆ. ನಿಮಗೆ ಕಾಣುತ್ತಿರುವುದು ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮುಂದೆ ಕೂತ ಧೂಳಿನ ನೆರಳು. ಧೂಳು ಸೆನ್ಸರಿಗೇ ಅಂಟಿರುವುದಿಲ್ಲ. ಅದರ ಮುಂದೆ ಒಂದೆರಡು ಮಿಲಿಮೀಟರ್ ದೂರದಲ್ಲಿ ಫಿಲ್ಟರ್ ಗಾಜಿನ ಪದರವೊಂದಿದೆ, ಧೂಳು ಕೂರುವುದು ಅದರ ಮೇಲೆ.

ಈ ಅಂತರವೇ ಎಲ್ಲದಕ್ಕೂ ಕಾರಣ. ಅದು 1.6 ಮಿ.ಮೀ. ಇದೆ ಎಂದುಕೊಳ್ಳಿ. ಅದನ್ನು ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಸಂಖ್ಯೆಯಿಂದ, ಅಂದರೆ ‘ಎಫ್/’ ಮುಂದಿನ ಅಂಕಿಯಿಂದ ಭಾಗಿಸಿದರೆ ನೆರಳು ಎಷ್ಟು ಹರಡುತ್ತದೆಂದು ಅಂದಾಜು ಸಿಗುತ್ತದೆ. ಎಫ್/16ರಲ್ಲಿ 0.1 ಮಿ.ಮೀ., ಎಫ್/4ರಲ್ಲಿ 0.4 ಮಿ.ಮೀ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಅಳತೆಯ) ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 4 ಮೈಕ್ರಾನ್, ಅಂದರೆ 0.004 ಮಿ.ಮೀ. ಅಂದರೆ ಮೊದಲನೆಯದು 25 ಪಿಕ್ಸೆಲ್ ಅಗಲದ ಗಟ್ಟಿ ಚುಕ್ಕೆ. ಎರಡನೆಯದು 100 ಪಿಕ್ಸೆಲ್ ಅಗಲದ, ಹದಿನಾರು ಪಟ್ಟು ಹೆಚ್ಚು ಜಾಗಕ್ಕೆ ಹರಡಿದ ತೆಳು ಮಬ್ಬು, ಕಣ್ಣಿಗೆ ಬೀಳುವುದೇ ಇಲ್ಲ. ಎಫ್/1.8ರಲ್ಲಿ ಮದುವೆ ಫೋಟೊ ತೆಗೆಯುವವರಿಗೆ ವರ್ಷಗಟ್ಟಲೆ ಕಾಣದ ಧೂಳು, ಅದೇ ಕ್ಯಾಮೆರಾದಲ್ಲಿ ಎಫ್/16 ಇಟ್ಟು ಬೆಟ್ಟದ ಫೋಟೊ ತೆಗೆದ ದಿನ ಎದ್ದು ನಿಲ್ಲುವುದು ಇದಕ್ಕೇ.

ಧೂಳೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಐದು ನಿಮಿಷದ ಕೆಲಸ. ಇದನ್ನು ಮಾಡದೆ ಸೆನ್ಸರಿಗೆ ಕೈ ಹಾಕಬೇಡಿ. ಸ್ವಚ್ಛವಾಗಿರುವುದನ್ನು ಸ್ವಚ್ಛ ಮಾಡಲು ಹೋಗಿ ಗೀರು ಬಿದ್ದ ಸೆನ್ಸರುಗಳಿಗೆ ಕೊರತೆಯಿಲ್ಲ.

ಅಪರ್ಚರ್ ಪ್ರಯಾರಿಟಿ ಮೋಡ್, ಐಎಸ್‌ಒ 100, ಎಫ್/16 ಅಥವಾ ಎಫ್/22. ಆಟೊಫೋಕಸ್ ಆಫ್ ಮಾಡಿ ಫೋಕಸನ್ನು ಅನಂತಕ್ಕೆ ಇಡಿ. ಬಿಳಿ ಗೋಡೆಗೆ ಒಂದು ಅಡಿ ಹತ್ತಿರ ಹೋಗಿ, ಅಥವಾ ಮೋಡವಿಲ್ಲದ ಆಕಾಶಕ್ಕೆ ಹಿಡಿಯಿರಿ. ಬಿಳಿ ಬೂದಾಗದಂತೆ ಎಕ್ಸ್‌ಪೋಶರ್ +1 ಕೊಡಿ. ಶಟರ್ ಒತ್ತಿದಾಗ ಕ್ಯಾಮೆರಾವನ್ನು ಬೇಕೆಂದೇ ಅಲುಗಾಡಿಸಿ. ಗೋಡೆಯ ಮೇಲಿನ ಕಲೆಗಳು ಅಲುಗಿ ಅಳಿಸಿಹೋಗುತ್ತವೆ, ಸೆನ್ಸರಿನ ಜೊತೆಗೇ ಚಲಿಸುವ ಧೂಳು ಮಾತ್ರ ಉಳಿಯುತ್ತದೆ. ಆಮೇಲೆ ಎಫ್/4ರಲ್ಲಿ ಇನ್ನೊಂದು, ಲೆನ್ಸ್ ಬದಲಿಸಿ ಮತ್ತೊಂದು. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿ ನೋಡಿ.

ಎಫ್/16ರಲ್ಲಿ ಇದ್ದು ಎಫ್/4ರಲ್ಲಿ ಮಾಯವಾದರೆ, ಲೆನ್ಸ್ ಬದಲಿಸಿದರೂ ಅದೇ ಜಾಗದಲ್ಲಿದ್ದರೆ ಸೆನ್ಸರ್ ಧೂಳು. ಅಪರ್ಚರ್ ಬದಲಾದರೂ ಅಷ್ಟೇ ಚೂಪಾಗಿ, ಒಂದೆರಡು ಪಿಕ್ಸೆಲ್ ಗಾತ್ರದಲ್ಲೇ ಇದ್ದರೆ ಧೂಳಲ್ಲ, ಪಿಕ್ಸೆಲ್ ದೋಷ. ಕ್ಯಾಮೆರಾ ಪರದೆಯಲ್ಲಿ ಫೋಟೊವನ್ನು ಜೂಮ್ ಮಾಡಿ ಸರಿಸಿದರೂ ಚುಕ್ಕೆ ಪರದೆಯ ಅದೇ ಜಾಗದಲ್ಲಿ ನಿಂತಿದ್ದರೆ ಹಾಳಾಗಿರುವುದು ಪರದೆ. ಡಿಎಸ್‌ಎಲ್‌ಆರ್‌ನ (ಒಳಗೆ ಕನ್ನಡಿ ಇರುವ ಕ್ಯಾಮೆರಾದ) ವ್ಯೂಫೈಂಡರಿನಲ್ಲಿ ಕಂಡು ಫೋಟೊದಲ್ಲಿ ಕಾಣದ ಕೂದಲು, ಕಸಗಳು ಫೋಕಸಿಂಗ್ ಸ್ಕ್ರೀನ್ ಮೇಲಿನವು. ನಿರುಪದ್ರವಿಗಳು, ಹಾಗೇ ಬಿಡಿ.

ಫೋಟೊದಲ್ಲಿ ಎಡ ಮೇಲ್ಮೂಲೆಯಲ್ಲಿದೆ. ಸೆನ್ಸರಿನಲ್ಲಿ ಎಲ್ಲಿ ಹುಡುಕಲಿ?

ಲೆನ್ಸ್ ಕಳಚಿ, ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ ಎದುರಿನಿಂದ ನೋಡಿದರೆ ಎಡ ಕೆಳಮೂಲೆಯಲ್ಲಿ. ಲೆನ್ಸ್ ಚಿತ್ರವನ್ನು ತಲೆಕೆಳಗೂ ಮಾಡುತ್ತದೆ, ಎಡಬಲವೂ ಮಾಡುತ್ತದೆ. ಆದರೆ ನೀವು ಎದುರುಗಡೆ ಬಂದು ನಿಂತಿರುವುದರಿಂದ ಎಡಬಲ ಮತ್ತೆ ಸರಿಹೋಗುತ್ತದೆ. ಮೇಲುಕೆಳಗು ಮಾತ್ರ ಅದಲುಬದಲು.

ಮನೆಯಲ್ಲೇ ಸ್ವಚ್ಛ ಮಾಡಬಹುದೇ?

ಗಾಳಿಯಿಂದ ಮಾಡುವುದನ್ನು ಎಲ್ಲರೂ ಮಾಡಬಹುದು. ದ್ರವ ಹಾಕಿ ಒರೆಸುವುದು ಕೈ ನಡುಗದವರಿಗೆ.

ಮೊದಲ ಮೆಟ್ಟಿಲು ಕ್ಯಾಮೆರಾದ ಮೆನುವಿನಲ್ಲೇ ಇದೆ. ಸೆನ್ಸರ್ ಕ್ಲೀನಿಂಗ್ ಆಯ್ಕೆಯನ್ನು ನಾಲ್ಕೈದು ಸಲ ಓಡಿಸಿ. ಫಿಲ್ಟರ್ ಗಾಜು ಕಂಪಿಸಿ ಒಣ ಧೂಳನ್ನು ಉದುರಿಸುತ್ತದೆ.

ಹೋಗದಿದ್ದರೆ ರಬ್ಬರ್ ಬ್ಲೋವರ್. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಡಿಎಸ್‌ಎಲ್‌ಆರ್‌ನಲ್ಲಿ ಕ್ಲೀನಿಂಗ್‌ಗಾಗಿ ಕನ್ನಡಿ ಎತ್ತಿ ಹಿಡಿಯುವುದು ಬ್ಯಾಟರಿಯೇ. ಅದು ನಡುವೆ ಕೈಕೊಟ್ಟರೆ ಕನ್ನಡಿ, ಶಟರ್ ಎರಡೂ ನಿಮ್ಮ ಉಪಕರಣದ ಮೇಲೆ ಬೀಳುತ್ತವೆ. ಫ್ಯಾನ್ ಆಫ್ ಮಾಡಿ. ಇದನ್ನು ಮರೆಯುವವರೇ ಹೆಚ್ಚು: ಸೀಲಿಂಗ್ ಫ್ಯಾನಿನ ರೆಕ್ಕೆ ಮೇಲಿನ ಧೂಳು ನೇರ ಕ್ಯಾಮೆರಾದೊಳಕ್ಕೆ. ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಹಬೆಯೆಲ್ಲ ಆರಿದ ಮೇಲೆ ಅಲ್ಲಿ ಕೂತು ಮಾಡಿದರೆ ಇನ್ನೂ ಒಳ್ಳೆಯದು, ಗಾಳಿಯಲ್ಲಿನ ಧೂಳು ಕೆಳಗೆ ಕೂತಿರುತ್ತದೆ. ಬ್ಲೋವರನ್ನು ಮೊದಲು ಹೊರಗೆ ಐದಾರು ಸಲ ಒತ್ತಿ, ಅದರೊಳಗಿನ ಕಸ ಹೋಗಲಿ. ಆಮೇಲೆ ಕ್ಯಾಮೆರಾ ಬಾಯಿ ನೆಲದ ಕಡೆ ಇರುವಂತೆ ಹಿಡಿದು, ಕೆಳಗಿನಿಂದ ಎಂಟು ಹತ್ತು ಸಲ ಜೋರಾಗಿ ಊದಿ. ಬ್ಲೋವರಿನ ಮೂತಿ ಮೌಂಟಿನ (ಲೆನ್ಸ್ ಕೂರುವ ಬಳೆಯ) ಒಳಗೆ ಹೋಗದಿರಲಿ. ಮತ್ತೆ ಎಫ್/16ರ ಪರೀಕ್ಷೆ. ಹೆಚ್ಚಿನವರ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಉಳಿದದ್ದು ಅಂಟಿಕೊಂಡ ಕಲೆ: ಎಣ್ಣೆ, ಪರಾಗ, ಒಣಗಿದ ತೇವ. ಇದಕ್ಕೆ ಸ್ವಾಬ್ (ತುದಿಗೆ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ) ಬೇಕು. ಅಳತೆ ಸರಿಯಾಗಿರಲಿ: ಫುಲ್ ಫ್ರೇಮಿಗೆ 24 ಮಿ.ಮೀ., ಎಪಿಎಸ್-ಸಿಗೆ 16 ಮಿ.ಮೀ., ಮೈಕ್ರೊ ಫೋರ್ ಥರ್ಡ್ಸ್‌ಗೆ 12 ಮಿ.ಮೀ. ಸ್ವಾಬಿನ ಅಲಗಿಗೆ ಸೆನ್ಸರ್ ದ್ರವದ ಎರಡು ಹನಿ, ಚಿಕ್ಕದಕ್ಕೆ ಒಂದೇ. ಹನಿ ಬಟ್ಟೆಯಲ್ಲಿ ಹರಡಲು ಕೆಲವು ಸೆಕೆಂಡ್ ಬಿಡಿ. ಒಂದು ಅಂಚಿಗೆ ಮೆಲ್ಲಗೆ ಇಟ್ಟು, ಎಳೆಯುವ ದಿಕ್ಕಿಗೆ ಹಿಡಿಯನ್ನು ತುಸು ವಾಲಿಸಿ, ಇನ್ನೊಂದು ಅಂಚಿನವರೆಗೆ ನಿಲ್ಲಿಸದೆ ಒಂದೇ ಎಳೆತ. ಒತ್ತಡ ಫೌಂಟನ್ ಪೆನ್ನಿನಲ್ಲಿ ಬರೆಯುವಷ್ಟು. ಸ್ವಾಬನ್ನು ತಿರುಗಿಸಿ, ಇನ್ನೊಂದು ಮುಖದಿಂದ ವಾಪಸ್ಸು ಒಂದು ಎಳೆತ. ಅಷ್ಟೇ, ಅದನ್ನು ಎಸೆಯಿರಿ. ನಾಲ್ಕು ಕಾಸು ಉಳಿಸಲು ಅದೇ ಸ್ವಾಬಿನಿಂದ ಮತ್ತೆ ಎಳೆದರೆ, ಮೊದಲ ಎಳೆತ ಎತ್ತಿಕೊಂಡ ಮರಳುಕಣ ಎರಡನೆಯದರಲ್ಲಿ ಗೀರು ಹಾಕುತ್ತದೆ.

ಗಾಜಿನ ಮೇಲೆ ಅಲೆಯಂಥ ಗೆರೆ ಉಳಿದಿದ್ದರೆ ದ್ರವ ಜಾಸ್ತಿಯಾಗಿದೆ; ಹೊಸ ಸ್ವಾಬ್, ಕಡಿಮೆ ಹನಿ. ನಡುವಿನ ಧೂಳು ಹೋಗಿ ಮೂಲೆಯಲ್ಲಿ ಪ್ರತ್ಯಕ್ಷವಾಗುವುದೂ ಸಾಮಾನ್ಯ. ಎರಡು ಮೂರು ಸ್ವಾಬ್ ಬೇಕಾಗುತ್ತದೆಂದು ಲೆಕ್ಕ ಹಾಕಿಕೊಂಡೇ ಕೂರಿ.

ಸೆನ್ಸರ್ ಅಲುಗಾಡಿ ನಡುಕ ತಡೆಯುವ ಮಿರರ್‌ಲೆಸ್ ಕ್ಯಾಮೆರಾ ನನ್ನದು. ಒರೆಸಿದರೆ ಮುರಿಯುತ್ತದೆಯೇ?

ಮುರಿಯುವುದಿಲ್ಲ, ಆದರೆ ಸೆನ್ಸರ್ ತೂಗುತ್ತಿರುತ್ತದೆ. ಮೆನುವಿನ ಕ್ಲೀನಿಂಗ್ ಮೋಡ್ ಮೂಲಕವೇ ಹೋಗಿ, ಕೈಪಿಡಿಯಲ್ಲಿ ಹೇಳಿದಂತೆ ಮಾಡಿ. ಒತ್ತಿದಾಗ ಸೆನ್ಸರ್ ಸರಿದರೆ ಕೈ ಭಾರವಾಯಿತೆಂದೇ ಅರ್ಥ. ಕೆಲವು ಕ್ಯಾಮೆರಾಗಳು ಆಫ್ ಮಾಡಿದಾಗ ಶಟರ್ ಪರದೆ ಮುಚ್ಚಿಕೊಳ್ಳುತ್ತವೆ. ಆ ಪರದೆಗೆ ಬೆರಳು, ಬ್ಲೋವರಿನ ಮೂತಿ ಯಾವುದೂ ತಾಗಬಾರದು. ಅದು ಕಾಗದಕ್ಕಿಂತ ಸೂಕ್ಷ್ಮ.

ಯಾವುದನ್ನು ಖಂಡಿತ ಬಳಸಬಾರದು?

ಬಾಯಿಂದ ಉಫ್ ಎಂದು ಊದುವುದು ಮೊದಲನೆಯದು. ಉಗುಳಿನ ಹನಿ ಒಣಗಿ ಅಂಟಿದರೆ ಬ್ಲೋವರಿಗೆ ಜಗ್ಗುವುದಿಲ್ಲ. ಡಬ್ಬಿಯ ಒತ್ತಡದ ಗಾಳಿ ಬೇಡ, ಒಳಗಿನ ದ್ರವ ಚಿಮ್ಮಿ ಗಾಜಿನ ಮೇಲೆ ಹೆಪ್ಪುಗಟ್ಟುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ಎಳೆ ಬಿಡುತ್ತದೆ. ಆಸ್ಪತ್ರೆ ಸ್ಪಿರಿಟ್, ಸ್ಯಾನಿಟೈಸರ್, ಕನ್ನಡಕ ಒರೆಸುವ ದ್ರವ ಯಾವುದೂ ಬೇಡ, ಎಲ್ಲವೂ ಕಲೆ ಉಳಿಸುತ್ತವೆ. ಬನಿಯನ್ ತುದಿಯ ಬಗ್ಗೆ ಹೇಳಬೇಕಿಲ್ಲ ಅಂದುಕೊಂಡಿದ್ದೇವೆ.

ಹೊಸ ಕ್ಯಾಮೆರಾ, ಲೆನ್ಸ್ ಒಮ್ಮೆಯೂ ಕಳಚಿಲ್ಲ. ಆದರೂ ಚುಕ್ಕೆ ಹೇಗೆ?

ಶಟರ್ ಕೂಡ ಯಂತ್ರವೇ. ಸವೆದ ಕಣ, ಜಿಡ್ಡು ಹನಿ ಸೆನ್ಸರಿನ ಮೇಲೆ ಹಾರಬಹುದು. 2012ರಲ್ಲಿ ಬಂದ ನಿಕಾನ್ ಡಿ600 ಇದಕ್ಕೆ ಪ್ರಸಿದ್ಧ ಉದಾಹರಣೆ. ಕಪ್ಪು ಕಣಗಳ ದೂರು ಹೆಚ್ಚಾಗಿ, 2014ರ ಫೆಬ್ರುವರಿಯಲ್ಲಿ ವಾರಂಟಿ ಮುಗಿದವರಿಗೂ ಉಚಿತವಾಗಿ ಶಟರ್ ಬದಲಿಸಿಕೊಡುವುದಾಗಿ ಕಂಪನಿಯೇ ಪ್ರಕಟಿಸಿತು. ಎಣ್ಣೆ ಹನಿ ಧೂಳಿಗಿಂತ ದುಂಡಗೆ, ನಡು ತುಸು ತಿಳಿಯಾಗಿ ಕಾಣುತ್ತದೆ. ಸ್ವಚ್ಛ ಮಾಡಿದ ಮೇಲೂ ಸಾವಿರ ಕ್ಲಿಕ್ಕಿನೊಳಗೆ ಮತ್ತೆ ಮತ್ತೆ ಬಂದರೆ ವಾರಂಟಿಯಲ್ಲೇ ಕೊಟ್ಟುಬಿಡಿ. ಹೊರಗೆ ಎಳೆದು ಒಳಗೆ ಸರಿಯುವ ಜೂಮ್ ಲೆನ್ಸುಗಳು ಗಾಳಿಪಂಪಿನಂತೆ ಧೂಳು ಎಳೆದುಕೊಳ್ಳುವುದೂ ಉಂಟು.

ರಾತ್ರಿ ಫೋಟೊಗಳಲ್ಲಿ ಕೆಂಪು, ನೀಲಿ, ಹಸಿರು ಚುಕ್ಕೆಗಳು ಮಿನುಗುತ್ತವೆ. ಇದೂ ಧೂಳೇ?

ಅಲ್ಲ, ಸೆನ್ಸರ್ ಧೂಳು ಯಾವತ್ತೂ ಕಪ್ಪಾಗಿ ಇಲ್ಲವೇ ಬೂದಾಗಿಯೇ ಕಾಣುತ್ತದೆ. ಇವು ಹಾಟ್ ಪಿಕ್ಸೆಲ್‌ಗಳು. ಬೆಳಕು ಬೀಳದಿದ್ದರೂ ಸೆನ್ಸರಿನ ಬಿಸಿಗೆ ಕೆಲವು ಪಿಕ್ಸೆಲ್‌ಗಳಲ್ಲಿ ವಿದ್ಯುದಂಶ ಸೇರುತ್ತಾ ಹೋಗುತ್ತದೆ. ಎಕ್ಸ್‌ಪೋಶರ್ ಉದ್ದವಾದಷ್ಟೂ, ಬಿಸಿ ಏರಿದಷ್ಟೂ ಅವು ಜಾಸ್ತಿ. ಡಿಸೆಂಬರಿನಲ್ಲಿ ಕಾಣದವು ಏಪ್ರಿಲ್‌ನ ಕಲಬುರಗಿಯಲ್ಲಿ ಕಂಡರೆ ಕ್ಯಾಮೆರಾ ಕೆಟ್ಟಿದೆಯೆಂದಲ್ಲ. ಪ್ರತಿ ಸೆನ್ಸರಿನಲ್ಲೂ ಇವು ಇರುತ್ತವೆ, ವಯಸ್ಸಾದಂತೆ ಹೆಚ್ಚುತ್ತವೆ.

ಮುಚ್ಚಳ ಹಾಕಿ, ಐಎಸ್‌ಒ 800ರಲ್ಲಿ 30 ಸೆಕೆಂಡಿನ ಒಂದು ಫೋಟೊ ತೆಗೆದು ನೋಡಿ. ಹತ್ತಾರು ಬಣ್ಣದ ಚುಕ್ಕೆ ಕಂಡರೂ ಗಾಬರಿ ಬೇಡ. 1/60 ಸೆಕೆಂಡಿನ ಹಗಲು ಫೋಟೊದಲ್ಲೂ ಅದೇ ಜಾಗದಲ್ಲಿ ಬಣ್ಣದ ಚುಕ್ಕೆ ಇದ್ದರೆ ಆಗ ಪಿಕ್ಸೆಲ್ ಮ್ಯಾಪಿಂಗ್ ಮಾಡಿಸಬೇಕು. ಒಲಿಂಪಸ್ ಕ್ಯಾಮೆರಾಗಳ ಮೆನುವಿನಲ್ಲಿ ಇದು ಬಹಳ ಹಿಂದಿನಿಂದಲೂ ಇದೆ, ನಿಕಾನ್ ಝಡ್ ಸರಣಿಯಲ್ಲೂ ಸೋನಿಯ ಹೊಸ ಮಾದರಿಗಳಲ್ಲೂ ಇದೆ. ಫೋಟೊ ತೆಗೆದ ತಕ್ಷಣ ಮಾಡಬೇಡಿ, ಒಂದೆರಡು ನಿಮಿಷ ಸೆನ್ಸರ್ ಆರಲಿ. ಆ ಪಿಕ್ಸೆಲ್ ಸರಿಯಾಗುವುದಿಲ್ಲ. ಕ್ಯಾಮೆರಾ ಅದನ್ನು ಪಟ್ಟಿಗೆ ಸೇರಿಸಿಕೊಂಡು, ಅಕ್ಕಪಕ್ಕದವರ ಸರಾಸರಿಯನ್ನು ಅಲ್ಲಿ ತುಂಬುತ್ತದೆ, ಅಷ್ಟೇ.

ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಮಾಡಿದರೆ ಕ್ಯಾಮೆರಾ ನಿಮ್ಮ 30 ಸೆಕೆಂಡಿನ ನಂತರ ಶಟರ್ ಮುಚ್ಚಿ ಇನ್ನೊಂದು 30 ಸೆಕೆಂಡಿನ ಕಪ್ಪು ಚಿತ್ರ ತೆಗೆದು, ಅದನ್ನು ಮೊದಲನೆಯದರಿಂದ ಕಳೆಯುತ್ತದೆ. ಫಲ ಚೆನ್ನ, ಸಮಯ ಎರಡರಷ್ಟು. ನಕ್ಷತ್ರಗಳ ಗೆರೆ ತೆಗೆಯುವವರು ಆಫ್ ಇಡಿ, ಇಲ್ಲದಿದ್ದರೆ ಗೆರೆ ತುಂಡು ತುಂಡಾಗುತ್ತದೆ.

ಕಲ್ಯಾಣಮಂಟಪದ ಫೋಟೊಗಳಲ್ಲಿ ಅಡ್ಡ ಪಟ್ಟೆಗಳು. ಸೆನ್ಸರ್ ಹೋಯಿತೇ?

ಸೆನ್ಸರ್ ಚೆನ್ನಾಗಿಯೇ ಇದೆ, ಮಿಣುಕುತ್ತಿರುವುದು ದೀಪ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ಮತ್ತು ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಸೈಲೆಂಟ್ ಎಂದು ಇಟ್ಟುಕೊಂಡ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಒಂದೊಂದೇ ಸಾಲಾಗಿ ಓದುತ್ತದೆ. ಮೇಲಿನಿಂದ ಕೆಳಗಿನವರೆಗೆ ಓದಲು 1/20 ಸೆಕೆಂಡ್ ಬೇಕಾದರೆ, ಅಷ್ಟರಲ್ಲಿ ದೀಪ ಐದು ಸಲ ಏರಿಳಿದಿರುತ್ತದೆ. ನಿಮ್ಮ ಫೋಟೊದಲ್ಲಿ ಐದು ಕಪ್ಪು ಪಟ್ಟೆ. ಎಣಿಸಿ ನೋಡಿ, ನಿಮ್ಮ ಕ್ಯಾಮೆರಾ ಎಷ್ಟು ನಿಧಾನ ಎಂಬುದೂ ಗೊತ್ತಾಗುತ್ತದೆ.

ಮೆಕ್ಯಾನಿಕಲ್ ಶಟರಿಗೆ ಬನ್ನಿ. ಶಟರ್ ವೇಗ 1/100 ಅಥವಾ 1/50 ಇಡಿ, ಪ್ರತಿ ಸಾಲಿಗೂ ಪೂರ್ತಿ ಏರಿಳಿತ ಸಿಗುತ್ತದೆ, ಪಟ್ಟೆ ಮಾಯ. 1/500ರಂಥ ವೇಗ ಬೇಕೇ ಬೇಕಾದರೆ ಆಂಟಿ-ಫ್ಲಿಕರ್ ಆನ್ ಮಾಡಿ. ದೀಪ ಪೂರ್ತಿ ಬೆಳಗಿದ ಕ್ಷಣಕ್ಕೇ ಶಟರ್ ಬಿಡುತ್ತದೆ. ಅಮೆರಿಕದಿಂದ ತರಿಸಿದ ಕ್ಯಾಮೆರಾ ಆದರೆ ವಿಡಿಯೊ ಮೆನುವಿನಲ್ಲಿ ಎನ್‌ಟಿಎಸ್‌ಸಿ ಎಂದಿರುತ್ತದೆ. ಅಲ್ಲಿನ ಕರೆಂಟು 60 ಹರ್ಟ್ಸ್, 1/60 ಶಟರ್ ಅಲ್ಲಿಗೆ ಸರಿ, ಇಲ್ಲಿ ಉರುಳುವ ಪಟ್ಟೆ. ಅದನ್ನು ನಮ್ಮ 50 ಹರ್ಟ್ಸ್‌ಗೆ ಹೊಂದುವ ಪಾಲ್ (PAL) ಪದ್ಧತಿಗೆ ಬದಲಿಸಿ, 25 ಅಥವಾ 50 ಫ್ರೇಮಿನಲ್ಲಿ ತೆಗೆಯಿರಿ. ವೇದಿಕೆ ಹಿಂದಿನ ಎಲ್‌ಇಡಿ ಪರದೆಗೆ ಈ ಲೆಕ್ಕ ನಡೆಯುವುದಿಲ್ಲ, ಅವು ಇನ್ನೂ ವೇಗವಾಗಿ ಮಿಣುಕುತ್ತವೆ; ಶಟರನ್ನು ಚೂರು ಚೂರೇ ಬದಲಿಸುತ್ತಾ ಪರದೆಯಲ್ಲಿ ಪಟ್ಟೆ ಕರಗುವ ಜಾಗ ಹಿಡಿಯಬೇಕು.

ಕೆಳಗಡೆ ಮಾತ್ರ ಒಂದೇ ದಪ್ಪ ಕಪ್ಪು ಪಟ್ಟಿ ಇದ್ದು, ಫ್ಲಾಶ್ ಬಳಸಿದ್ದರೆ ಕತೆಯೇ ಬೇರೆ. ಶಟರ್ ವೇಗ ಫ್ಲಾಶ್ ಮಿತಿ ದಾಟಿದೆ. 1/200ಕ್ಕೆ ಇಳಿಸಿ.

ಇಳಕಲ್ ಸೀರೆಯ ಮೇಲೆ ಕಾಮನಬಿಲ್ಲಿನಂಥ ಅಲೆ ಬಂದಿದೆ. ಸೀರೆಯಲ್ಲಿ ಅಂಥದ್ದೇನಿಲ್ಲ!

ಮೊಆರೆ ಅನ್ನುತ್ತಾರೆ. ನೇಯ್ಗೆಯ ಸಣ್ಣ ಚೌಕಳಿಯೂ ಸೆನ್ಸರಿನ ಪಿಕ್ಸೆಲ್ ಜಾಲರಿಯೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದಾಗ ಒಂದರ ಮೇಲೊಂದು ಇಟ್ಟ ಎರಡು ಸೊಳ್ಳೆಪರದೆಗಳಂತೆ ಅಲೆ ಮೂಡುತ್ತದೆ. ಒಂದು ಹೆಜ್ಜೆ ಹಿಂದೆ ಅಥವಾ ಮುಂದೆ ಹೋಗಿ, ಇಲ್ಲವೇ ಕ್ಯಾಮೆರಾ ತುಸು ಓರೆ ಮಾಡಿ. ಎಫ್/16 ಇಟ್ಟರೂ ಚೂಪು ಸ್ವಲ್ಪ ಕಡಿಮೆಯಾಗಿ ಅಲೆ ಹೋಗುತ್ತದೆ. ಬಣ್ಣದ ಅಲೆಯನ್ನು ಎಡಿಟಿಂಗ್‌ನಲ್ಲಿ ತೆಗೆಯಬಹುದು. ಕಪ್ಪು ಬಿಳುಪಿನ ಅಲೆ ಬಿದ್ದರೆ ಏನೂ ಮಾಡಲಾಗದು. ಮೊದಲು ಫೋಟೊವನ್ನು 100 ಪ್ರತಿಶತ ಗಾತ್ರದಲ್ಲಿ ನೋಡಿ, ಎಷ್ಟೋ ಸಲ ಅಲೆ ಇರುವುದು ಚಿಕ್ಕದು ಮಾಡಿ ತೋರಿಸುವ ಪರದೆಯಲ್ಲಿ ಮಾತ್ರ.

ಫ್ಲಾಶ್ ಫೋಟೊದಲ್ಲಿ ಗಾಳಿಯಲ್ಲಿ ತೇಲುವ ಬಿಳಿ ಉಂಡೆಗಳು. ಮನೆಯವರು ಹೆದರಿದ್ದಾರೆ.

ದೆವ್ವವಲ್ಲ ಎಂದು ಹೇಳಿ. ಲೆನ್ಸಿಗೆ ಗೇಣುದೂರದಲ್ಲಿ ಹಾರುವ ಧೂಳು, ಮಳೆಹನಿ, ಇಲ್ಲವೇ ಜಾತ್ರೆಯ ಭಂಡಾರಪುಡಿ ಫ್ಲಾಶ್ ಬೆಳಕನ್ನು ವಾಪಸ್ಸು ಎರಚಿ, ಫೋಕಸ್ ಆಗದ ದುಂಡು ಬಿಲ್ಲೆಯಾಗಿ ಕಾಣುತ್ತದೆ. ಪ್ರತಿ ಫೋಟೊದಲ್ಲೂ ಬೇರೆ ಬೇರೆ ಜಾಗದಲ್ಲಿರುವುದೇ ಗುರುತು. ಲೆನ್ಸಿನ ಪಕ್ಕದಲ್ಲೇ ಫ್ಲಾಶ್ ಇರುವ ಪುಟ್ಟ ಕ್ಯಾಮೆರಾ, ಮೊಬೈಲುಗಳಲ್ಲಿ ಹೆಚ್ಚು. ಫ್ಲಾಶನ್ನು ಕೈಗೆ ತೆಗೆದುಕೊಂಡು ಪಕ್ಕದಿಂದ ಬೆಳಗಿ, ಅಥವಾ ಆಫ್ ಮಾಡಿ.

ಬೀದಿದೀಪದ ಫೋಟೊದಲ್ಲಿ ಹಸಿರು ದೀಪಗಳು ತಲೆಕೆಳಗಾಗಿ ತೇಲುತ್ತವೆ?

ಯುವಿ ಫಿಲ್ಟರ್ ಬಿಚ್ಚಿಟ್ಟು ತೆಗೆಯಿರಿ. ಸೆನ್ಸರಿನಿಂದ ಚಿಮ್ಮಿದ ಬೆಳಕು ಫಿಲ್ಟರಿಗೆ ಬಡಿದು ಮರಳಿದೆ. ಚಿತ್ರದ ನಡುಬಿಂದುವಿನ ಆಚೆ ಬದಿಯಲ್ಲಿ ಅಷ್ಟೇ ದೂರಕ್ಕೆ ಅಸಲಿ ದೀಪ ಇರುತ್ತದೆ, ಅಳೆದು ನೋಡಿ.

ಮಳೆಗಾಲ ಮುಗಿದ ಮೇಲೆ ಎಲ್ಲ ಫೋಟೊವೂ ಮಂಕು. ಬೂಷ್ಟು ಹಿಡಿದಿದೆಯೇ?

ಮಲೆನಾಡು, ಕರಾವಳಿಯವರಾದರೆ ಮೊದಲ ಅನುಮಾನ ಅದೇ. ಲೆನ್ಸ್ ಕಳಚಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ, ಹಿಮಪುಡಿಯಂಥ ಮಚ್ಚೆ ಅಂಚಿನಿಂದ ಒಳಗೆ ಬಂದಿದ್ದರೆ ಅದು ಬೂಷ್ಟು. ಒಂದೆರಡು ಧೂಳಿನ ಕಣವಾದರೆ ಲೆಕ್ಕಕ್ಕಿಡಬೇಡಿ, ಹೊಸ ಲೆನ್ಸಿನಲ್ಲೂ ಇರುತ್ತವೆ. ಇನ್ನೊಂದು ಗುರುತು: ಹಿನ್ನೆಲೆಯಲ್ಲಿ ಮಸುಕಾದ ದೀಪದ ಬಿಲ್ಲೆಗಳ ಒಳಗೆ ಎಳೆಗಳ ನೆರಳು ಕಾಣುತ್ತದೆ.

ಗಾಳಿಯ ತೇವ 60 ಪ್ರತಿಶತ ದಾಟಿ ವಾರಗಟ್ಟಲೆ ನಿಂತರೆ, ಬೆಳಕೂ ಗಾಳಿಯೂ ಇಲ್ಲದಿದ್ದರೆ ಬೂಷ್ಟು ಹಬ್ಬುತ್ತದೆ. ಅಂದರೆ ಬಟ್ಟೆಯ ಕ್ಯಾಮೆರಾ ಬ್ಯಾಗು ಬೀರುವಿನೊಳಗೆ ಇಟ್ಟಂತೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ, ಒಳಗೆ 200 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ, ಇಷ್ಟು ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗಿಳಿಸಿದರೆ ರಬ್ಬರ್, ಜಿಡ್ಡು ಒಣಗುತ್ತವೆ. ಜೆಲ್ ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಬಳಸಿ. ಅಕ್ಕಿ ಡಬ್ಬಿಯಲ್ಲಿ ಇಡುವ ಉಪಾಯ ಬೇಡ, ಅಕ್ಕಿಯ ಪುಡಿ ಧೂಳು ಲೆನ್ಸಿನೊಳಗೆ ಹೋಗಿ ಬೂಷ್ಟಿಗೇ ಊಟವಾಗುತ್ತದೆ.

ಹಿಡಿದಾಗಿದ್ದರೆ ಬಿಸಿಲಿಗಿಟ್ಟು ಹೋಗಿಸಲಾಗದು. ಬೆಳೆಯುವುದು ನಿಲ್ಲಬಹುದು, ಎಳೆ ಅಲ್ಲೇ ಉಳಿಯುತ್ತದೆ. ಬಿಚ್ಚಿ ಒರೆಸಿಸಬೇಕು. ಬಹಳ ತಿಂಗಳು ಬಿಟ್ಟರೆ ಅದರ ಆಮ್ಲ ಲೇಪನವನ್ನೇ ತಿಂದಿರುತ್ತದೆ, ಆಗ ಒರೆಸಿದರೂ ಗುರುತು ಹೋಗದು.

ಬೂಷ್ಟು ಕಾಣದಿದ್ದರೆ ಉತ್ತರ ಸರಳವಿರಬಹುದು. ಎಸಿ ಕೋಣೆಯಿಂದ ಮಂಗಳೂರಿನ ಸೆಕೆಗೆ ನೇರ ತಂದ ಲೆನ್ಸ್ ಬೆವರುತ್ತದೆ. ಒರೆಸಬೇಡಿ, ಕಳಚಲೂ ಬೇಡಿ. ಹೊರಡುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೊರಗೆ ಬಂದು ಅರ್ಧ ಗಂಟೆ ಬಿಟ್ಟು ಬಿಚ್ಚಿ.

ಡಿಜೆ ಲೇಸರ್ ಇದ್ದ ಮೆರವಣಿಗೆಯ ನಂತರ ಉದ್ದ ಗೆರೆಯೊಂದು ಹೋಗುತ್ತಲೇ ಇಲ್ಲ.

ಲೇಸರ್ ಸೆನ್ಸರಿನ ಒಂದು ಸಾಲನ್ನು ಸುಟ್ಟಿದೆ. ಒರೆಸುವುದರಿಂದಾಗಲಿ ಮ್ಯಾಪಿಂಗ್‌ನಿಂದಾಗಲಿ ಸರಿಯಾಗದು, ಸೆನ್ಸರ್ ಬದಲಿಸಬೇಕು. ಹಳೆಯ ಕ್ಯಾಮೆರಾ ಆದರೆ ಅದರ ಬೆಲೆಗಿಂತ ರಿಪೇರಿಯೇ ದುಬಾರಿ. ಮಿರರ್‌ಲೆಸ್ ಮತ್ತು ಮೊಬೈಲಿಗೆ ಅಪಾಯ ಹೆಚ್ಚು, ಸೆನ್ಸರ್ ಸದಾ ತೆರೆದೇ ಇರುತ್ತದೆ. ಲೇಸರ್ ಜನರತ್ತ ತಿರುಗಿದಾಗ ಕ್ಯಾಮೆರಾ ಕೆಳಗಿಳಿಸುವುದೊಂದೇ ದಾರಿ.

ಅರ್ಧ ಫೋಟೊ ಸರಿ, ಇನ್ನರ್ಧ ಬೂದು ಅಥವಾ ಗುಲಾಬಿ ಚೌಕ. ಇದು ಯಾವ ಕಾಯಿಲೆ?

ಕಾರ್ಡಿನದು ಅಥವಾ ಕಾರ್ಡ್ ರೀಡರಿನದು, ಸೆನ್ಸರಿನದಲ್ಲ. ಕ್ಯಾಮೆರಾದಲ್ಲಿ ಆ ಫೋಟೊವನ್ನು ಜೂಮ್ ಮಾಡಿ ನೋಡಿ. ಅಲ್ಲಿ ಸರಿಯಿದ್ದರೆ ಬೇರೆ ರೀಡರಿನಿಂದ ಮತ್ತೆ ಕಾಪಿ ಮಾಡಿ. ಅಲ್ಲೂ ಹಾಳಾಗಿದ್ದರೆ ಆ ಕಾರ್ಡಿಗೆ ಇನ್ನೊಂದೂ ಫೋಟೊ ಬರೆಯದೆ ತೆಗೆದಿಡಿ, ಉಚಿತವಾಗಿ ಸಿಗುವ ಫೋಟೊರೆಕ್ (PhotoRec) ತಂತ್ರಾಂಶದಿಂದ ಉಳಿದದ್ದನ್ನು ಬೇರೆ ಡಿಸ್ಕಿಗೆ ಎತ್ತಿಕೊಳ್ಳಿ. ಹೊಸ ಕಾರ್ಡ್ ತಂದಾಗ ಎಚ್2ಟೆಸ್ಟ್‌ಡಬ್ಲ್ಯು (H2testw) ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. 128 ಜಿಬಿ ಎಂದು ಬರೆದ 16 ಜಿಬಿ ನಕಲಿ ಕಾರ್ಡುಗಳು ಮೊದಲ 16 ಜಿಬಿ ತನಕ ಬಹಳ ಸಾಧುವಾಗಿರುತ್ತವೆ.

ಧೂಳಿದ್ದ 300 ಫೋಟೊಗಳನ್ನು ಈಗಾಗಲೇ ತೆಗೆದಾಗಿದೆ. ಒಂದೊಂದನ್ನೇ ತಿದ್ದಬೇಕೇ?

ಬೇಡ. ಚುಕ್ಕೆ ಎಲ್ಲದರಲ್ಲೂ ಒಂದೇ ಜಾಗದಲ್ಲಿರುವುದು ಇಲ್ಲಿ ಅನುಕೂಲ. ಲೈಟ್‌ರೂಂ ಅಥವಾ ಉಚಿತ ಡಾರ್ಕ್‌ಟೇಬಲ್‌ನಂಥ ಎಡಿಟಿಂಗ್ ತಂತ್ರಾಂಶದಲ್ಲಿ ಒಂದು ಫೋಟೊದ ಚುಕ್ಕೆಗಳನ್ನು ತಿದ್ದಿ, ಆ ತಿದ್ದುಪಡಿಯನ್ನು ಉಳಿದವಕ್ಕೆ ಅಂಟಿಸಿ. ಕ್ರಾಪ್ ಮಾಡುವ ಮೊದಲೇ ಇದು ಆಗಲಿ. ಚುಕ್ಕೆ ಮುಖದ ಮೇಲೋ ಕಂಬದ ಅಂಚಿನ ಮೇಲೋ ಬಿದ್ದ ಫೋಟೊಗಳನ್ನು ಮಾತ್ರ ಕೈಯಾರೆ ನೋಡಬೇಕು, ಇಲ್ಲದಿದ್ದರೆ ಕೆನ್ನೆಗೆ ಆಕಾಶ ಅಂಟಿರುತ್ತದೆ.

ಸರ್ವಿಸ್ ಸೆಂಟರಿಗೆ ಕೊಡುವುದೇ ಆದರೆ?

ಎಫ್/16ರ ಬಿಳಿಗೋಡೆ ಫೋಟೊವನ್ನು ದಿನಾಂಕದ ಸಮೇತ ಜೊತೆಗೊಯ್ಯಿರಿ. ಲೆನ್ಸಿನ ದೋಷವಲ್ಲದಿದ್ದರೆ ಬಾಡಿ ಮಾತ್ರ ಕೊಡಿ; ಲೆನ್ಸ್, ಕಾರ್ಡ್, ಕೊರಳಪಟ್ಟಿ ನಿಮ್ಮ ಹತ್ತಿರವೇ ಇರಲಿ, ರಸೀದಿಯಲ್ಲಿ ಸೀರಿಯಲ್ ನಂಬರ್ ಬರೆಸಿ. ವಾಪಸ್ಸು ತೆಗೆದುಕೊಳ್ಳುವಾಗ ಕೌಂಟರಿನ ಗೋಡೆಗೇ ಹಿಡಿದು ಎಫ್/16ರಲ್ಲಿ ಇನ್ನೊಂದು ತೆಗೆಯಿರಿ. ಹಣ ಕೊಡುವುದು ಅದನ್ನು ಜೂಮ್ ಮಾಡಿ ನಾಲ್ಕು ಮೂಲೆ ನೋಡಿದ ಮೇಲೆ.